ಕರೆಂಟ್ ತೆಗೆಯುವ ಸುದ್ದಿ ಒಂದು ದಿನ ಮೊದಲೇ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ನಾಲ್ಕನೇ ಪುಟದಲ್ಲಿ, ಅಂಕಪಟ್ಟಿ ಕಳೆದುಹೋಗಿದೆ ಅನ್ನುವ ಪ್ರಕಟಣೆಗಳ ಕೆಳಗೆ, ಬೆರಳಗಲದ ಜಾಗದಲ್ಲಿ 'ಇಂದು ವಿದ್ಯುತ್ ವ್ಯತ್ಯಯ' ಅಂತ ಒಂದು ಸುದ್ದಿ ಬರುತ್ತದೆ. ಯಾವ ಫೀಡರ್ (ಕರೆಂಟ್ ಲೈನ್), ಯಾವ ಯಾವ ಬಡಾವಣೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ನನ್ನ ಕೋರಿಕೆ ಸಣ್ಣದು. ಆ 'ಇಂದು' ಅನ್ನೋದನ್ನು 'ನಾಳೆ' ಮಾಡಿ. ಒಂದೇ ಒಂದು ದಿನ ಮೊದಲು ಹಾಕಿ.

ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ಮನೆಯಲ್ಲೂ ನಗುತ್ತಾರೆ. ಕಳೆದ ಜನವರಿಯಲ್ಲಿ ನನ್ನ ವಿಮಾನ ಪೆಸಿಫಿಕ್ ಸಾಗರದ ನಡುವೆ, 39 ಸಾವಿರ ಅಡಿ ಎತ್ತರದಲ್ಲಿ, ಹದಿಮೂರೂವರೆ ಗಂಟೆ ಹಾರಿದ ಮೇಲೆ, ಕರೆಂಟ್ ಹೋಗಿ ಮಾಯವಾಯಿತು. ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ. ಸ್ಯಾನ್ ಫ್ರಾನ್ಸಿಸ್ಕೋ ಇನ್ನೂ 1,900 ಕಿಲೋಮೀಟರ್ ಇತ್ತು.

ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಅದು ಕಂಪ್ಯೂಟರ್ ಒಳಗಿನ ವಿಮಾನ.

ನಾನು ತಿಪಟೂರಿನವನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸಮಾಜ ವಿಜ್ಞಾನ ಪಾಠ ಮಾಡಿ, ಅದರಲ್ಲೂ ಭೂಗೋಳವನ್ನು ಇಷ್ಟಪಟ್ಟು ಮಾಡಿ, 2020ರ ಮೇ ತಿಂಗಳಲ್ಲಿ ನಿವೃತ್ತನಾದೆ. ಲಾಕ್‌ಡೌನ್ ಕಾಲ. ಬೀಳ್ಕೊಡುಗೆ ಸಮಾರಂಭವೂ ಇಲ್ಲ, ಹಾರವೂ ಇಲ್ಲ. ಆ ವರ್ಷ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ವಿಮಾನಗಳೇ ನಿಂತುಹೋಗಿದ್ದವು, ನಿಮಗೂ ನೆನಪಿರಬೇಕು. ಅಂಥ ಹೊತ್ತಿನಲ್ಲಿ, ಆಗಸ್ಟ್ 18ಕ್ಕೆ, ಮೈಕ್ರೋಸಾಫ್ಟ್‌ನವರ ಹೊಸ ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಆಟ, ಬಂತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಮನೆಗೆ ಬಂದವನು ತನ್ನ ಕಂಪ್ಯೂಟರನ್ನೂ ಹೊತ್ತು ತಂದಿದ್ದ. 'ಅಪ್ಪಾ, ಸುಮ್ನೆ ಕೂತು ಬೇಜಾರು ಮಾಡ್ಕೋಬೇಡಿ, ಇದನ್ನ ನೋಡಿ' ಅಂತ ಕೂರಿಸಿದ. ಅವನು ವಾಪಸ್ ಹೋದ. ಕಂಪ್ಯೂಟರ್ ಹೋಗಲಿಲ್ಲ.

ಇದು ಹೊಸ ಹುಚ್ಚೇನಲ್ಲ. ಬ್ರೂಸ್ ಆರ್ಟ್‌ವಿಕ್ ಎನ್ನುವವರು 1979ರಲ್ಲೇ ಆಪಲ್ ಕಂಪ್ಯೂಟರಿಗೆ ಇಂಥದ್ದೊಂದನ್ನು ಬರೆದಿದ್ದರು. ಆಗ ನೆಲ ಅಂದರೆ ನಾಲ್ಕು ಗೆರೆ, ಬೆಟ್ಟ ಅಂದರೆ ಮೂರು ಗೆರೆ. ಈಗ ಉಪಗ್ರಹದ ಚಿತ್ರಗಳೇ ನೆಲ. ನೀವು ಹಾರುತ್ತಿದ್ದಂತೆ ಇಂಟರ್‌ನೆಟ್‌ನಲ್ಲಿ ಇಳಿದು ಬರುತ್ತಾ ಇರುತ್ತವೆ. ಹವಾಮಾನವೂ ಆ ಹೊತ್ತಿನದೇ. ತಪ್ಪುಗಳೂ ಇವೆ. ಬಂದ ಹೊಸತರಲ್ಲಿ ಮೆಲ್ಬರ್ನ್ ಊರಿನ ಸಾಧಾರಣ ಮನೆಗಳ ನಡುವೆ 212 ಮಹಡಿಯ ಗೋಪುರವೊಂದು ಎದ್ದು ನಿಂತಿತ್ತು, ಯಾರೋ ನಕ್ಷೆಯಲ್ಲಿ 2 ಅಂತ ತುಂಬುವ ಕಡೆ 212 ಅಂತ ತುಂಬಿದ್ದರಂತೆ. ನಾನು ಮೊದಲ ದಿನ ಹುಡುಕಿದ್ದು ನಮ್ಮ ಮನೆಯನ್ನು. ಎಲ್ಲರೂ ಹಾಗೇ ಅಲ್ವಾ? ಸೆಸ್ನಾ ಅನ್ನುವ ಸಣ್ಣ ವಿಮಾನದಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಎದ್ದು ರೈಲು ಹಳಿಯನ್ನೇ ಹಿಡಿದು ತುಮಕೂರು ದಾಟಿ ಬಂದೆ. ತಿಪಟೂರು ಸಿಕ್ಕಿತು, ಕೆರೆ ಸಿಕ್ಕಿತು, ನಮ್ಮ ರಸ್ತೆಯೂ ಸಿಕ್ಕಿತು. ತೆಂಗಿನ ಮರ ಮಾತ್ರ ಒಂದೂ ಇಲ್ಲ. ತೋಟ ಇರಬೇಕಾದ ಕಡೆಯೆಲ್ಲ ಯಾವುದೋ ಗುಂಡಗಿನ ಮರಗಳು. ತಿಪಟೂರಿನಲ್ಲಿ ತೆಂಗಿನ ಮರ ಇಲ್ಲ ಅಂದರೆ ಏನು ಹೇಳೋಣ. ನನ್ನ ಹೆಂಡತಿ ಒಂದು ಸಲ ನೋಡಿ, 'ಇದು ನಮ್ಮೂರಲ್ಲ ಬಿಡ್ರೀ' ಅಂದು ಒಳಗೆ ಹೋದಳು.

ಸಣ್ಣ ಹಾರಾಟಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದನ್ನು ಮಾತ್ರ ಹೇಳಲೇಬೇಕು, ಯಾಕಂದರೆ ದೂರದ ಹಾರಾಟದ ಹುಳ ತಲೆಗೆ ಹೊಕ್ಕಿದ್ದು ಅಲ್ಲೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಚೀಲ ಹೊತ್ತು ಅಹಮದಾಬಾದಿಗೆ ಬಂದು, ಅಲ್ಲಿಂದ ಮುಂಬಯಿಯ ಜುಹೂಗೆ ಬಂದು ಇಳಿದರು. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನ. ಇಷ್ಟು ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಎನ್ನುವವರು ಅದೇ ಟಪಾಲನ್ನು ಮದ್ರಾಸಿಗೆ ಒಯ್ದರು, ಒಯ್ದಿದ್ದು ನಮ್ಮ ಬಳ್ಳಾರಿ ಮೇಲೆ. ನಮ್ಮ ಮಕ್ಕಳಿಗೆ ಇದನ್ನು ಯಾವ ಪಾಠದಲ್ಲೂ ನಾನು ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಆ ದಾರಿಯನ್ನು ಕರಾಚಿಯಿಂದ ಮದ್ರಾಸಿನವರೆಗೆ ಸೆಸ್ನಾದಲ್ಲಿ ನಾಲ್ಕು ದಿನ ಬಿಡಿಬಿಡಿಯಾಗಿ ಹಾರಿದೆ. ಬಳ್ಳಾರಿ ಹತ್ತಿರ ಬಂದಾಗ ಆ ಬೋಳು ಬಂಡೆಗುಡ್ಡ ದೂರದಿಂದಲೇ ಗುರುತು ಸಿಕ್ಕಿತು. ರೇಡಿಯೋ, ಜಿಪಿಎಸ್ ಎಲ್ಲ ಆರಿಸಿ, ನಕ್ಷೆ ಮತ್ತು ಗಡಿಯಾರ ಮಾತ್ರ ಇಟ್ಟುಕೊಂಡು ಹೋಗಿದ್ದೆ. ಗುಡ್ಡ ಕಂಡ ಕೂಡಲೇ ಕುರ್ಚಿಯಲ್ಲಿ ಕೂತೇ ಕೂಗಿಬಿಟ್ಟೆ.

ಆಮೇಲೆ ಆಸೆ ದೊಡ್ಡದಾಯಿತು. ಮಗಳು ಅಳಿಯ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ. 2021ರ ಜನವರಿಯಲ್ಲಿ ಏರ್ ಇಂಡಿಯಾದ ನೇರ ವಿಮಾನ ಮೊದಲ ಸಲ ಅಲ್ಲಿಂದ ಹೊರಟು, ಉತ್ತರ ಧ್ರುವದ ದಾರಿ ಹಿಡಿದು, 11ನೇ ತಾರೀಕು ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿ ನಾಲ್ವರೂ ಹೆಂಗಸರೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಆ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲೇ ಓದಿ, ಬೀರುವಿನ ಮೇಲಿನ ಗ್ಲೋಬ್ ಇಳಿಸಿದೆ. ದೂಳು ಒರೆಸಿ, ಹೆಂಡತಿಯ ಹೂ ಕಟ್ಟುವ ದಾರ ತಗೊಂಡು, ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆದೆ. ದಾರ ಎಲ್ಲಿ ಹೋಯಿತು ಗೊತ್ತೇ? ಪೂರ್ವಕ್ಕೆ ಅಲ್ಲ. ನೆಟ್ಟಗೆ ಉತ್ತರಕ್ಕೆ, ಕೊಂಚ ಮಾತ್ರ ಪೂರ್ವಕ್ಕೆ ವಾಲಿ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹತ್ತಿ, ಆರ್ಕ್‌ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾದಲ್ಲಿ ಇಳಿದು ಬಂತು. ಹತ್ತಿರ ಹತ್ತಿರ 14,000 ಕಿಲೋಮೀಟರ್. ಮೂವತ್ತು ವರ್ಷ ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು, ಪೆಸಿಫಿಕ್ ಮೇಲೆ ಅಡ್ಡ ಗೆರೆ ಎಳೆದು 'ಅಮೆರಿಕಕ್ಕೆ ಹೀಗೆ ಹೋಗ್ತಾರೆ' ಅಂತ ಹೇಳಿಕೊಟ್ಟವನು ನಾನು. ಆ ಮಕ್ಕಳ ಕ್ಷಮೆ ಇಲ್ಲೇ ಕೇಳಿಬಿಡುತ್ತೇನೆ.

ಈ ದಾರಿಯನ್ನು ನಿಜವಾದ ಹೊತ್ತಿನಲ್ಲೇ ಹಾರಬೇಕು ಅಂತ ತೀರ್ಮಾನ ಮಾಡಿದೆ. ಕಂಪ್ಯೂಟರಿನಲ್ಲಿ ಹೊತ್ತನ್ನು ಎರಡು ಪಟ್ಟು, ನಾಲ್ಕು ಪಟ್ಟು ಓಡಿಸಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಸತ್ಯನಾರಾಯಣ ಕಥೆಯನ್ನು ಗಡಗಡ ಓದಿ ಮುಗಿಸಿದ ಹಾಗೆ. ಮೇಲಾಗಿ ಹೊತ್ತು ಓಡಿಸಿದರೆ ತಿರುವುಗಳಲ್ಲಿ ಆಟೋಪೈಲಟ್ (ವಿಮಾನವನ್ನು ತಾನೇ ನಡೆಸುವ ಯಂತ್ರ) ಎತ್ತಿನ ಗಾಡಿಯ ಹಾಗೆ ಓಲಾಡುತ್ತದೆ. ನಾಲ್ಕು ವರ್ಷ ಚಿಕ್ಕಪುಟ್ಟ ದಾರಿಗಳಲ್ಲಿ ಅಭ್ಯಾಸ ಮಾಡಿ, ಬೋಯಿಂಗ್ 777 ವಿಮಾನವನ್ನು ಬೇರೆ ದುಡ್ಡು ಕೊಟ್ಟು ತರಿಸಿಕೊಂಡೆ. ಎಷ್ಟು ದುಡ್ಡು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯಲ್ಲೂ ಪೇಪರ್ ಓದುತ್ತಾರೆ.

ಮೊದಲನೇ ಪ್ರಯತ್ನ, ದೀಪಾವಳಿ ಮುಗಿದ ಮೇಲಿನ ಶನಿವಾರ. ಇಂಧನ 130 ಟನ್. ಇಲ್ಲೊಂದು ತಮಾಷೆ ಇದೆ. 'ಇರಲಿ, ಇನ್ನೊಂದಿಷ್ಟು ತುಂಬಿಸೋಣ' ಅನ್ನುವ ಹಾಗಿಲ್ಲ. ಇಷ್ಟು ದೂರದ ದಾರಿಯಲ್ಲಿ ಜಾಸ್ತಿ ಒಯ್ದ ಒಂದು ಟನ್ನಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಆ ಟನ್ನನ್ನು ಹೊರುವುದಕ್ಕೇ ಉರಿದುಹೋಗುತ್ತದೆ. ಶುರುವಿನಲ್ಲಿ ವಿಮಾನ ಎಷ್ಟು ಭಾರ ಅಂದರೆ 31 ಸಾವಿರ ಅಡಿಗಿಂತ ಮೇಲೆ ಹೋಗುವುದಕ್ಕೆ ಒಪ್ಪುವುದಿಲ್ಲ. ಎಣ್ಣೆ ಉರಿದು ಹಗುರಾದ ಹಾಗೆಲ್ಲ 35, ಆಮೇಲೆ 39, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಹೊರಟ ಎರಡು ಗಂಟೆಗೆ ಧವಳಗಿರಿ ಬಂತು. ನಾನು 9,400 ಮೀಟರ್ ಮೇಲೆ, ಧವಳಗಿರಿ 8,167 ಮೀಟರ್. ನಕ್ಷತ್ರಗಳ ಬೆಳಕಿನಲ್ಲಿ ಹಿಮ ಕಾಲಡಿಯಲ್ಲೇ ಹಾದುಹೋದ ಹಾಗಿತ್ತು. ಕರೆದು ತೋರಿಸೋಣ ಅಂದರೆ ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಆ ಸಲ ನನ್ನನ್ನು ಸೋಲಿಸಿದ್ದು ನಿದ್ದೆ. ಲಿಂಡ್‌ಬರ್ಗ್ ಅನ್ನುವ ಅಮೆರಿಕದ ಪೈಲಟ್ 1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಮೂವತ್ತಮೂರೂವರೆ ಗಂಟೆ ಒಬ್ಬನೇ ಕಣ್ಣು ಬಿಟ್ಟುಕೊಂಡು ಹಾರಿದನಂತೆ. ನಾನು ಫಿಲ್ಟರ್ ಕಾಫಿ ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡೂ ಹದಿನಾಲ್ಕನೇ ಗಂಟೆಗೆ ಕುರ್ಚಿಯಲ್ಲೇ ಒರಗಿದೆ. ಆಟೋಪೈಲಟ್ ಇದ್ದರೆ ಎಲ್ಲ ತಾನೇ ಮಾಡುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಇಳಿಯುವ ಎತ್ತರವನ್ನು ನೀವು ಕೈಯಾರೆ ತಿರುಗಿಸಿ ಹೇಳದಿದ್ದರೆ ಅದು ಇಳಿಯುವುದೇ ಇಲ್ಲ, ಊರು ಬಂದರೂ ಇಳಿಯುವುದಿಲ್ಲ, ಊರು ಹೋದರೂ ಇಳಿಯುವುದಿಲ್ಲ. ನಮ್ಮ ಬಸ್ಸಿನಲ್ಲಾದರೆ ಕಂಡಕ್ಟರ್ ಎಬ್ಬಿಸುತ್ತಾನೆ. ಎಚ್ಚರಾದಾಗ ನಾನು ಸ್ಯಾನ್ ಫ್ರಾನ್ಸಿಸ್ಕೋ ದಾಟಿ ಒಂದು ಗಂಟೆಯಾಗಿತ್ತು, ಕೆಳಗೆ ನೀರು, ಎಡಗಡೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ. ಸ್ಯಾನ್ ಡಿಯಾಗೋ ಕಡೆಗೆ ತಿರುಗಿಸಿದೆ. ಮೊದಲು ಎಡ ಎಂಜಿನ್ ನಿಂತಿತು, ಎರಡು ನಿಮಿಷಕ್ಕೆ ಬಲದ್ದು. ಊರಿನ ದೀಪಗಳು ಕಾಣುತ್ತಿದ್ದವು, ಅಷ್ಟು ಹತ್ತಿರ. ಸಮುದ್ರಕ್ಕೆ ಇಳಿಸಿದೆ.

ಎರಡನೆಯದು ಧನುರ್ಮಾಸದಲ್ಲಿ. ಆಗ ಮನೆಯಲ್ಲಿ ನಾಲ್ಕು ಗಂಟೆಗೇ ಎದ್ದು ಪೂಜೆ, ಹುಗ್ಗಿ, ಗಂಟೆ ಶಬ್ದ, ನಿದ್ದೆಯ ಭಯ ಇಲ್ಲ ಅನ್ನುವುದು ನನ್ನ ಲೆಕ್ಕ. ನಿದ್ದೆ ಏನೋ ಬರಲಿಲ್ಲ. ಎಂಟನೇ ಗಂಟೆಗೆ ಸೈಬೀರಿಯಾದ ವೆರ್ಖೋಯಾನ್ಸ್ಕ್ ಹತ್ತಿರ ಹೋದೆ. ಭೂಗೋಳದ ಮೇಷ್ಟರಿಗೆ ಆ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ. 1892ರಲ್ಲಿ ಅಲ್ಲಿ ಸೊನ್ನೆಗಿಂತ ಕೆಳಗೆ 67.8 ಡಿಗ್ರಿ ದಾಖಲಾಗಿತ್ತು. ಅದೇ ಊರಲ್ಲಿ 2020ರ ಜೂನ್‌ನಲ್ಲಿ 38 ಡಿಗ್ರಿ ಬಿಸಿಲು. ಎಷ್ಟು ವರ್ಷ ಪರೀಕ್ಷೆಯಲ್ಲಿ ಆ ಹೆಸರು ಬರೆಸಿದ್ದೇನೋ ಲೆಕ್ಕವಿಲ್ಲ, ಈಗ ಅದರ ನೆತ್ತಿಯ ಮೇಲೆ ಕೂತಿದ್ದೆ. ಸುತ್ತಲೂ ಕಪ್ಪು, ಒಂದು ದೀಪವಿಲ್ಲ. ಆಗ ಪರದೆಯ ಮೇಲೆ ಹಳದಿ ಅಕ್ಷರದಲ್ಲಿ ಬಂತು: ಇಂಧನದ ಉಷ್ಣತೆ ಕಡಿಮೆಯಾಗಿದೆ.

ಹೊರಗಿನ ಚಳಿಗೆ ರೆಕ್ಕೆಯೊಳಗಿನ ಎಣ್ಣೆ ಗಂಟೆಗಟ್ಟಲೆ ತಣಿಯುತ್ತಾ ಬರುತ್ತದೆ. ತೆಂಗಿನೆಣ್ಣೆ ಚಳಿಗಾಲದಲ್ಲಿ ಡಬ್ಬಿಯಲ್ಲಿ ಹೆಪ್ಪುಗಟ್ಟುವುದಿಲ್ಲವೇ, ಹಾಗೇ ಇದೂ ಕೂಡ. ಹೆಪ್ಪುಗಟ್ಟುವ ಮೊದಲು ಬೆಚ್ಚಗಿನ ಗಾಳಿಗೆ ಇಳಿಸಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ನಾನು 25 ಸಾವಿರ ಅಡಿಗೆ ಇಳಿಸಿದೆ. ಅಲ್ಲಿ ಗಾಳಿ ದಪ್ಪ, ಎಂಜಿನ್ ಎಣ್ಣೆ ಕುಡಿಯುವುದೂ ಜಾಸ್ತಿ. ಮೂರು ಗಂಟೆ ಹಾಗೇ ಹೋದೆ. ಅಲಾಸ್ಕಾ ದಾಟುವ ಹೊತ್ತಿಗೆ ಲೆಕ್ಕ ಹಾಕಿದರೆ ಎಣ್ಣೆ ಸಾಲದು. ವ್ಯಾಂಕೂವರ್‌ನಲ್ಲಿ ಇಳಿಸಿದೆ. ಚೆನ್ನಾಗೇ ಇಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಮಗಳು ಫೋನ್ ಮಾಡಿ, 'ಅಪ್ಪಾ, ಬಂದ್ರಾ?' ಅಂದಳು. 'ಇಲ್ಲಮ್ಮಾ, ವ್ಯಾಂಕೂವರ್‌ನಲ್ಲಿದ್ದೀನಿ' ಅಂದೆ. 'ಅಲ್ಲಿಂದ ಇನ್ನೂ 1,300 ಕಿಲೋಮೀಟರ್ ಅಪ್ಪಾ, ಬಸ್ ಹಿಡೀರಿ' ಅಂತ ನಕ್ಕಳು.

ಹೊಟ್ಟೆ ಉರಿದಿದ್ದು ಮಾರನೇ ದಿನ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಹೆಪ್ಪುಗಟ್ಟುವುದು ಮೈನಸ್ 40ಕ್ಕೆ. ನಮ್ಮಲ್ಲಿ ಸಿಗುವ ಜೆಟ್ ಎ-1 ಹೆಪ್ಪುಗಟ್ಟುವುದು ಮೈನಸ್ 47ಕ್ಕೆ. ಎರಡಕ್ಕೂ ಮೂರು ಡಿಗ್ರಿ ಮೊದಲೇ ಎಚ್ಚರಿಕೆ ಕೊಡಬೇಕು ಅನ್ನುವುದು ಲೆಕ್ಕ. ವಿಮಾನದ ಕಂಪ್ಯೂಟರಿನಲ್ಲಿ ಮೊದಲಿಂದ ಇರುವುದು ಜೆಟ್ ಎ ಲೆಕ್ಕದ ಮೈನಸ್ 37. ಬೆಂಗಳೂರಿನಲ್ಲಿ ಹೊರಡುವಾಗ ಅದನ್ನು ಮೈನಸ್ 44 ಅಂತ ನಾನು ಬದಲಾಯಿಸಬೇಕಿತ್ತು. ಎರಡು ಅಂಕಿ ಒತ್ತುವ ಕೆಲಸ. ಒತ್ತಿದ್ದರೆ ಆ ಹಳದಿ ಅಕ್ಷರ ಬರುತ್ತಲೇ ಇರಲಿಲ್ಲ. ನೆಲದ ಮೇಲೆ ನಿಂತಾಗ ಮಾಡದ ಎರಡು ಅಂಕಿಯ ಕೆಲಸ, ಎಂಟು ಗಂಟೆ ಬಿಟ್ಟು ಸೈಬೀರಿಯಾದಲ್ಲಿ ಬಂದು ಕುತ್ತಿಗೆ ಹಿಡಿಯಿತು.

ಇಷ್ಟು ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ವಿಮಾನದಲ್ಲಿ ನಿಜವಾದ ಪೈಲಟ್, ಊರಿಗೆ ಬಂದಿದ್ದವನು ಮನೆಗೂ ಬಂದ. ನನ್ನ ದಾರಿ ನೋಡಿ, ಮೇಷ್ಟ್ರು ಅನ್ನುವ ದಾಕ್ಷಿಣ್ಯದಿಂದ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, 'ಸರ್, ಟಿಬೆಟ್ ಮೇಲೆ ಪ್ರೆಷರ್ ಹೋದ್ರೆ ಎಲ್ಲಿಗೆ ಇಳಿಸ್ತೀರಿ?' ನನ್ನ ಹತ್ತಿರ ಉತ್ತರವಿರಲಿಲ್ಲ. ಒಳಗಿನ ಗಾಳಿಯ ಒತ್ತಡ ಹೋದರೆ ಬೇಗ 10 ಸಾವಿರ ಅಡಿಗೆ ಇಳಿಯಬೇಕು, ಪ್ರಯಾಣಿಕರ ತಲೆ ಮೇಲಿಂದ ಬೀಳುವ ಆಮ್ಲಜನಕದ ಮುಖವಾಡ ಕೆಲವೇ ನಿಮಿಷಗಳಿಗೆ. ಟಿಬೆಟ್‌ನಲ್ಲಿ ನೆಲವೇ 14-15 ಸಾವಿರ ಅಡಿಯ ಮೇಲಿದೆ, ಇಳಿಯೋದೆಲ್ಲಿಗೆ? ಅದಕ್ಕೇ ವಿಮಾನಗಳು ಆ ಕಡೆ ಆದಷ್ಟೂ ಹೋಗುವುದಿಲ್ಲವಂತೆ. ಪ್ರಪಂಚದ ಛಾವಣಿ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ, ಅದರ ಅರ್ಥ ಗೊತ್ತಾಗಿದ್ದು ಅವತ್ತು. ಶಿಷ್ಯನ ಕೈಲಿ.

ಅವನೇ ಕೂತು ಹೊಸ ದಾರಿ ಹಾಕಿಕೊಟ್ಟ. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾದ ಕುನ್ಮಿಂಗ್, ಅಲ್ಲಿಂದ ಈಶಾನ್ಯಕ್ಕೆ ರಷ್ಯಾದ ಕಮ್ಚಾಟ್ಕಾ, ಬೇರಿಂಗ್ ಸಮುದ್ರ, ಪೆಸಿಫಿಕ್. ಸುಮಾರು 500 ಕಿಲೋಮೀಟರ್ ಜಾಸ್ತಿ, ಆದರೆ ಚಳಿಗಾಲದಲ್ಲಿ ಹಿಂದಿನಿಂದ ಜೆಟ್ ಗಾಳಿ, ಅಂದರೆ ತುಂಬಾ ಎತ್ತರದಲ್ಲಿ ಬೀಸುವ ಬಿರುಗಾಳಿ, ತಳ್ಳುತ್ತದೆ. ದಾರಿಯುದ್ದಕ್ಕೂ ಒಂದೊಂದು ತುಂಡಿಗೂ 'ಇಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಯಾವ ಊರು' ಅಂತ ಪಕ್ಕದಲ್ಲಿ ಬರೆಸಿದ. ಅವುಗಳಲ್ಲಿ ರಷ್ಯಾದ ಮಗದಾನ್ ಅಂತ ಒಂದಿತ್ತು. ಅದು ಸುಮ್ಮನೆ ಬರೆದ ಹೆಸರಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ 777 ಎಂಜಿನ್ ತೊಂದರೆಯಿಂದ ಇದೇ ಮಗದಾನ್‌ನಲ್ಲಿ ಇಳಿಯಿತು, ಇನ್ನೊಂದು ವಿಮಾನ ಹೋಗಿ ಎಲ್ಲರನ್ನೂ ಕರೆದೊಯ್ಯಿತು. ಅಲ್ಲಿಯವರೆಗೆ ಆ ಹೆಸರು ಕೇಳಿದ ಪ್ರಯಾಣಿಕರು ಎಷ್ಟು ಮಂದಿ ಇದ್ದರೋ.

ಮೂರನೆಯದಕ್ಕೆ ನಾನು ಮಾಡಿದ ತಯಾರಿಯನ್ನು ನೀವು ನೋಡಬೇಕಿತ್ತು. ಸಂಕ್ರಾಂತಿ ಕಳೆದ ಮೇಲಿನ ಬುಧವಾರ. ಮೈನಸ್ 44 ಒತ್ತಿದೆ. ನಿದ್ದೆಗೆ ಬೇರೆ ಉಪಾಯ, ಇಳಿಯುವ ಜಾಗ ಬಂದ ಕೂಡಲೇ ಆಟ ತಾನೇ ನಿಲ್ಲುವ ಹಾಗೆ ಗುರುತು ಹಾಕಿಟ್ಟೆ. ಮನೆಯ ಇಂಟರ್‌ನೆಟ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್. ಅರ್ಧ ಗಂಟೆ ಕರೆಂಟ್ ಹೋದರೆ ಅಂತ ಕಂಪ್ಯೂಟರಿಗೆ ಯುಪಿಎಸ್. ಅದು ಹೆಸರಿಗೆ ಅರ್ಧ ಗಂಟೆ, ಈ ಕಂಪ್ಯೂಟರಿನ ಹಸಿವಿಗೆ ಹನ್ನೆರಡು ನಿಮಿಷ. ಮನೆಯ ಇನ್ವರ್ಟರಿಗೆ ಹಾಕೋಣ ಅಂದರೆ ಮಿಕ್ಸಿ ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ, ಮಿಕ್ಸಿ ಹಾಕಬೇಡ ಅಂತ ಹೇಳುವ ಧೈರ್ಯ ನನಗಿಲ್ಲ. ಅವತ್ತು ಬುಧವಾರದ ನಿಮ್ಮ ಪತ್ರಿಕೆಯ ನಾಲ್ಕನೇ ಪುಟವನ್ನೂ ನೋಡಿದೆ. ನಮ್ಮ ಬಡಾವಣೆ ಇರಲಿಲ್ಲ. ರಾತ್ರಿ ಎಂಟೂವರೆಗೆ ಹೊರಟೆ.

ಸಂಜೆ ಐದಕ್ಕೇ ಹೊರಟಿದ್ದರೆ ಮಾರನೇ ದಿನ ಒಂಬತ್ತರ ಒಳಗೆ ತಲುಪುತ್ತಿದ್ದೆಯಲ್ಲ ಅಂತ ನೀವು ಕೇಳಬಹುದು. ಐದರಿಂದ ಏಳು ಬೀದಿಯ ಮಕ್ಕಳಿಗೆ ಪಾಠ. ಏಳರಿಂದ ಎಂಟೂವರೆ ಅದೇ ಹಾಲ್‌ನಲ್ಲಿ ಧಾರಾವಾಹಿ. ಧಾರಾವಾಹಿ ಮುಗಿಯದೆ ನಮ್ಮ ಮನೆಯ ರನ್‌ವೇ ಖಾಲಿಯಾಗುವುದಿಲ್ಲ.

ಹಾರಾಟ ಹೂವಿನ ಹಾಗೆ ಹೋಯಿತು. ಬೆಳಿಗ್ಗೆ ಆರೂವರೆಗೆ ನಾನು ಕಮ್ಚಾಟ್ಕಾ ದಾಟಿ ಬೇರಿಂಗ್ ಸಮುದ್ರದ ಮೇಲಿದ್ದೆ. ಬಲಗಡೆ ಕಿಟಕಿಯಲ್ಲಿ ಸೂರ್ಯ ದಿಗಂತಕ್ಕೆ ಅಂಟಿಕೊಂಡ ಹಾಗೆ, ಒಂದು ಗೇಣು ಮೇಲೆ. ಅಲ್ಲಿ ಅದು ನಡುಮಧ್ಯಾಹ್ನ, ಜನವರಿಯಲ್ಲಿ ಆ ಕಡೆ ಸೂರ್ಯ ಅದಕ್ಕಿಂತ ಮೇಲೆ ಹತ್ತುವುದೇ ಇಲ್ಲ. ಹಿಂದೆ ದೂರದಲ್ಲಿ ಜ್ವಾಲಾಮುಖಿಗಳ ಮೊನೆಗಳು, ಮೋಡದ ಮೇಲೆ ಅವುಗಳ ಉದ್ದುದ್ದ ನೆರಳು. ನಮ್ಮ ಮನೆಯ ಕಿಟಕಿಯಲ್ಲಿ ನೋಡಿದರೆ ಆಗ ತಾನೇ ಬೆಳಕು ಹರಿಯುತ್ತಿತ್ತು, ಹೆಂಡತಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು. ಎರಡು ಸೂರ್ಯನನ್ನು ಒಟ್ಟಿಗೆ ನೋಡಿದ ಹಾಗಾಯಿತು. ಕಾಫಿ ತಂದಿಟ್ಟು, 'ರೀ, ಪೈಲಟ್ ಸಾಹೇಬ್ರೇ, ಎಲ್ಲಿದ್ದೀರಿ ಈಗ?' ಅಂದಳು. ಹೇಳಿದೆ. ನಿಂತು ಎರಡು ನಿಮಿಷ ನೋಡಿದಳು. ನಾಲ್ಕು ವರ್ಷದಲ್ಲಿ ಅದೇ ಮೊದಲು.

ಲೆಕ್ಕದ ಪ್ರಕಾರ ಮಧ್ಯಾಹ್ನ ಹನ್ನೆರಡಕ್ಕೆ ಇಳಿಯಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಗ ಇನ್ನೂ ಬುಧವಾರ ರಾತ್ರಿ ಹತ್ತೂವರೆ. ಬುಧವಾರ ರಾತ್ರಿ ಎಂಟೂವರೆಗೆ ಹೊರಟು, ಹದಿನೈದೂವರೆ ಗಂಟೆ ಹಾರಿ, ಬುಧವಾರ ರಾತ್ರಿ ಹತ್ತೂವರೆಗೇ ತಲುಪುವುದು. ಅಂತರರಾಷ್ಟ್ರೀಯ ದಿನಾಂಕ ರೇಖೆ, ಹೈಸ್ಕೂಲಿನ ಪಾಠ. ಮಗಳು ಎದ್ದಿರುತ್ತೇನೆ ಅಂದಿದ್ದಳು.

ಹತ್ತು ಗಂಟೆಗೆ ಫ್ಯಾನ್ ನಿಂತಿತು. ಯುಪಿಎಸ್ ಪೀಂ ಪೀಂ ಅನ್ನೋಕೆ ಶುರು ಮಾಡಿತು. ಐದು ನಿಮಿಷಕ್ಕೆ ಬರಬಹುದು ಅಂತ ಕಾದೆ, ಏಳು ನಿಮಿಷ ಕಾದೆ. ಪಕ್ಕದ ಮನೆಯವರಿಗೆ ಕೂಗಿ ಕೇಳಿದರೆ, 'ಸಂಜೆ ಐದರವರೆಗೆ ಇಲ್ಲ ಮೇಷ್ಟ್ರೇ, ಲೈನ್ ಮೇಲಿನ ಕೊಂಬೆ ಕಡೀತಾರಂತೆ, ಪೇಪರ್‌ನಲ್ಲಿ ಬಂದಿದೆಯಲ್ಲ!' ಅಂದರು. ಹೊರಗೆ ಕುರ್ಚಿಯ ಮೇಲೆ ಗುರುವಾರದ ಪೇಪರ್ ಸುತ್ತಿದ ಹಾಗೇ ಬಿದ್ದಿತ್ತು. ನಾಲ್ಕನೇ ಪುಟ, ಅಂಕಪಟ್ಟಿಗಳ ಕೆಳಗೆ. ಇಂದು ವಿದ್ಯುತ್ ವ್ಯತ್ಯಯ. ನಮ್ಮ ಬಡಾವಣೆ, ಮೊದಲನೇ ಹೆಸರು. ಹಾರಾಟವನ್ನು ಉಳಿಸಿಟ್ಟು ಮತ್ತೆ ತೆರೆಯಬಹುದು ಅಂತ ಕೊನೆಯ ನಿಮಿಷದಲ್ಲಿ ಒತ್ತಿದ್ದೆ. ಸಂಜೆ ತೆರೆದರೆ ವಿಮಾನ ಇತ್ತು, ದಾರಿ ಇರಲಿಲ್ಲ, ಎಣ್ಣೆಯ ಲೆಕ್ಕ ಕಲಸಿಹೋಗಿತ್ತು, ಆಟೋಪೈಲಟ್ ಕೈಬಿಟ್ಟು ಮೂಗು ಕೆಳಗೆ ಮಾಡಿತು.

ತಪ್ಪು ನನ್ನದೂ ಇದೆ. ಪೇಪರ್ ಹುಡುಗ ಆರೂವರೆಗೇ ಹಾಕಿ ಹೋಗಿದ್ದ. ಆಗಲೇ ಬಿಡಿಸಿ ನೋಡಿದ್ದರೆ, ಬೇರಿಂಗ್ ಸಮುದ್ರದಿಂದ ಅಲಾಸ್ಕಾದ ಆಂಕರೇಜ್ ಎರಡೂವರೆ ಗಂಟೆಯ ದಾರಿ, ಒಂಬತ್ತಕ್ಕೆಲ್ಲ ಇಳಿಸಿ ಎಂಜಿನ್ ಆರಿಸಿ ತಿಂಡಿಗೆ ಕೂರಬಹುದಿತ್ತು. ಎಂಜಿನ್ ಕೈಕೊಟ್ಟರೆ ಯಾವ ಊರು ಅಂತ ಬರೆದಿಟ್ಟಿದ್ದೆ. ಕರೆಂಟ್ ಕೈಕೊಟ್ಟರೆ ಯಾವ ಊರು ಅಂತ ಬರೆದಿರಲಿಲ್ಲ. ಈಗ ಬರೆದಿದ್ದೇನೆ. ಅದಕ್ಕೆ ಆಧಾರ ನಿಮ್ಮ ನಾಲ್ಕನೇ ಪುಟ.

ಹದಿನಾರು ಗಂಟೆ ಏನೂ ಆಗದೆ ಸುಮ್ಮನೆ ಕೂರುವುದಕ್ಕೆ ಇಷ್ಟೆಲ್ಲ ಯಾಕೆ ಅಂತ ಬೀದಿಯಲ್ಲಿ ಕೇಳುತ್ತಾರೆ. ಏನೂ ಆಗದೆ ಇರಲಿ ಅಂತಲೇ ಅಲ್ವಾ ಇಷ್ಟೆಲ್ಲ? ನನ್ನದು ಆಟ, ನಾಳೆ ಮತ್ತೆ ಹಾರಬಹುದು. ಆದರೆ ಈ ಸುದ್ದಿ ಒಂದು ದಿನ ಮೊದಲು ಬಂದರೆ ಉಪಯೋಗ ನನಗೊಬ್ಬನಿಗೇ ಅಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಹಿಟ್ಟಿನ ಗಿರಣಿಯವರಿದ್ದಾರೆ, ಬೆಳಿಗ್ಗೆ ಬಂದ ಹೆಂಗಸರು ರಾಗಿ ಡಬ್ಬ ಇಟ್ಟು ವಾಪಸ್ ಹೋಗುತ್ತಾರೆ. ಮೂರನೇ ಮನೆಯಲ್ಲಿ ಒಬ್ಬರಿಗೆ ಆಮ್ಲಜನಕದ ಯಂತ್ರ ಇದೆ. ಫೀಡರಿನ ವಿವರ ನಿಮಗೆ ಹಿಂದಿನ ದಿನ ಸಂಜೆಯೇ ಬರುತ್ತದೆಯೋ, ಅಥವಾ ಅವರೇ ತಡವಾಗಿ ಕಳಿಸುತ್ತಾರೋ ನನಗೆ ತಿಳಿಯದು. ತಡ ಮಾಡುವವರು ಅವರೇ ಆಗಿದ್ದರೆ ಈ ಪತ್ರದ ಒಂದು ಪ್ರತಿ ಅವರಿಗೂ ತಲುಪಿಸಿ. ವಿಮಾನದ ವಿಷಯ ಬೇಕಾದರೆ ಹೊಡೆದುಹಾಕಿ.

ನಾಲ್ಕನೇ ಪ್ರಯತ್ನ ಬರುವ ಶನಿವಾರ ರಾತ್ರಿ ಎಂಟೂವರೆಗೆ. ಭಾನುವಾರ ಕೊಂಬೆ ಕಡಿಯುವ ಕೆಲಸ ಇಟ್ಟುಕೊಳ್ಳುವುದಿಲ್ಲ ಅಂತ ನಮ್ಮ ಲೈನ್‌ಮನ್ ಹೇಳಿದ್ದಾರೆ. ಆದರೂ ಭಾನುವಾರದ ಪೇಪರ್ ಬಂದ ಕೂಡಲೇ ಒಳಗೆ ತಂದು ಕೊಡುವುದಾಗಿ ಹೆಂಡತಿ ಒಪ್ಪಿದ್ದಾಳೆ, ನಾಲ್ಕನೇ ಪುಟ ಮೇಲೆ ಮಾಡಿ.

ಇಂತಿ ನಿಮ್ಮ ಹಳೆಯ ಚಂದಾದಾರ,
ಒಬ್ಬ ನಿವೃತ್ತ ಮೇಷ್ಟ್ರು, ತಿಪಟೂರು